ಗೀಗೀ ಮೇಳ ಮತ್ತು ಪ್ರತಿಭಟನೆಯ ಹಾಡು: ಒಂದು ಚಾರಿತ್ರಿಕ ವಿವೇಚನೆ

ಅಣ್ಣಿಗೇರಿಯ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ಕಲ್ಲಿನಿಂದ ಆರಂಭಿಸುತ್ತಾರೆ. ಅಮೃತೇಶ್ವರ ದೇವಾಲಯ, ಅಲ್ಲಿಯ ಶಾಸನಗಳು, ಕಲ್ಯಾಣ ಚಾಲುಕ್ಯ ವಂಶದ ಕೊನೆಯ ಅರಸನಾದ ನಾಲ್ಕನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಊರನ್ನು ನೆಲೆವೀಡಾಗಿ ಮಾಡಿಕೊಂಡುದು, ಇವೇ ಮೊದಲು ಕಣ್ಣಿಗೆ ಬೀಳುವ ಸಂಗತಿಗಳು. ಹೀಗಾಗುವುದು ಸಹಜವೇ ಸರಿ. ಕಲ್ಲು ಉಳಿಯುತ್ತದೆ, ಅರಸನೂ ದಾನಿಯೂ ತಮ್ಮ ಹೆಸರುಗಳನ್ನು ಅದರ ಮೇಲೆ ಬರೆಯಿಸಿರುತ್ತಾರೆ. ಆದರೆ ಅರಸನಿಗೆ ತೆರಿಗೆ ತೆತ್ತವನು ಆ ತೆರಿಗೆಯನ್ನು ಕುರಿತು ಏನೆಂದನೆಂಬುದನ್ನು ಶಾಸನವು ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ನಾವು ಹಾಡಿನ ಕಡೆಗೆ ಹೊರಳಬೇಕಾಗುತ್ತದೆ.

ಈ ಎರಡೂ ಬಗೆಯ ಸಾಮಗ್ರಿಗಳನ್ನು ಒಬ್ಬನೇ ವಿದ್ವಾಂಸನು ಕೈಗೆತ್ತಿಕೊಂಡನೆಂಬುದು ಗಮನಾರ್ಹವಾದ ಸಂಗತಿ. ಮುಂಬಯಿ ಪ್ರಾಂತದ ಸಿವಿಲ್ ಸೇವೆಯಲ್ಲಿದ್ದ ಜಾನ್ ಫೇಥ್‌ಫುಲ್ ಫ್ಲೀಟನು (1847-1917) ಕನ್ನಡ ಜಿಲ್ಲೆಗಳನ್ನಾಳಿದ ರಾಜವಂಶಗಳ ಚರಿತ್ರೆಯನ್ನು 1882ರಲ್ಲಿ ಬರೆದನು. ಮೂರು ವರ್ಷಗಳ ತರುವಾಯ, ಎಂದರೆ 1885ರಿಂದ ಮುಂದೆ, 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಕನ್ನಡದ ಕೆಲವು ಲಾವಣಿಗಳನ್ನು ಮೂಲಪಾಠ ಮತ್ತು ಇಂಗ್ಲಿಷ್ ಅನುವಾದಗಳೊಡನೆ ಪ್ರಕಟಿಸಿದನು. ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರ ಬಂಡಾಯ, ಆದಾಯ ತೆರಿಗೆಯ ಹೇರಿಕೆ, ಸಂಗ್ಯಾನ ಕೊಲೆ ಮೊದಲಾದವು ಅವುಗಳ ವಸ್ತುಗಳು. ಆಂಗ್ಲರ ಆಡಳಿತದ ವಿರುದ್ಧ ಜನರು ಕಟ್ಟಿದ ಹಾಡುಗಳನ್ನು ಅದೇ ಆಡಳಿತದ ಅಧಿಕಾರಿಯೊಬ್ಬನು ಅಚ್ಚಿಗೆ ತಂದನು. ಇದನ್ನು ನಾವು ಮುಂದೆಯೂ ನೆನಪಿನಲ್ಲಿಟ್ಟುಕೊಳ್ಳಬೇಕು.

ಪ್ರಸ್ತುತ ಲೇಖನದಲ್ಲಿ ನಾವು ವಿಚಾರಿಸಹೊರಟಿರುವ ಪ್ರಶ್ನೆ ಇದು: ಪ್ರತಿಭಟನೆಯ ಹಾಡನ್ನು ಹಾಡುವ ಒಂದು ಚಿಕ್ಕ ಮೇಳಕ್ಕೆ ಆ ಪ್ರತಿಭಟನೆಯ ಬಲವು ಎಲ್ಲಿಂದ ಬರುತ್ತದೆ? ಅದು ಹಾಡಿನ ರೂಪದಲ್ಲಿಯೇ ಅಡಗಿದೆಯೋ, ಅಥವಾ ಹಾಡುವವರಿಗೂ ಕೇಳುವವರಿಗೂ ಇರುವ ಸಂಬಂಧದಲ್ಲಿದೆಯೋ?

ಮೊದಲು ಮೇಳದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳುವುದು ಯುಕ್ತ. ಲಾವಣಿಯೆಂಬುದು ರಚನೆಯ ಹೆಸರು. ಗೀಗೀ ಎಂಬುದು ಹಾಡುವ ಒಂದು ರೀತಿಯ ಹೆಸರು. ಹಿಮ್ಮೇಳದವರು ಪಲ್ಲವಿಯಂತೆ ಹಿಡಿಯುವ 'ಗೀ ಗೀ' ಎಂಬ ದನಿಯಿಂದಲೇ ಈ ಹೆಸರು ಬಂದಿದೆ. ಮುಖ್ಯ ಹಾಡುಗಾರನ ಕೈಯಲ್ಲಿ ದಪ್ಪು, ಹಿಂದೆ ನಿಂತವರ ಕೈಯಲ್ಲಿ ಒಂದೇ ತಂತಿಯ ತುಂತುಣಿ ಮತ್ತು ತಾಳ. ಮೂರು ನಾಲ್ಕು ಜನರಿದ್ದರೆ ಮೇಳವು ಪೂರ್ಣವಾಯಿತು. ರಂಗಮಂಟಪವು ಬೇಡ, ವೇಷವು ಬೇಡ. ಜಾತ್ರೆಯ ರಾತ್ರಿ ಗುಡಿಯ ಮುಂದಿನ ಬಯಲೇ ಸಾಕು. ಪುರುಷನೇ ಹೆಚ್ಚೆಂದು ವಾದಿಸುವ ಹರದೇಶಿ ಪಕ್ಷ, ಸ್ತ್ರೀಯೇ ಹೆಚ್ಚೆಂದು ವಾದಿಸುವ ನಾಗೇಶಿ ಪಕ್ಷ, ಇವೆರಡೂ ಎದುರುಬದುರಾಗಿ ನಿಂತು ಬೆಳಗಿನವರೆಗೆ ಸವಾಲು ಜವಾಬುಗಳಲ್ಲಿ ತೊಡಗುವುದುಂಟು. ಎದುರಾಳಿಯನ್ನು ಕೆಣಕುವುದು, ಹಂಗಿಸುವುದು, ಸೋತವನನ್ನು ನಗೆಗೀಡುಮಾಡುವುದು ಈ ಕಲೆಯಲ್ಲಿ ಸಮ್ಮತವಾದ ಕ್ರಮ. ಕೇಳುಗರೂ ಸುಮ್ಮನೆ ಕೂಡುವವರಲ್ಲ. ಮೆಚ್ಚಿದರೆ ಅಲ್ಲಿಯೇ ಕಾಣಿಕೆ ಕೊಡುತ್ತಾರೆ, ಮೆಚ್ಚದಿದ್ದರೆ ಎದ್ದು ಹೋಗುತ್ತಾರೆ.

ಇಂತಹ ಕಲೆಯು ರಾಜಕೀಯ ವಸ್ತುವನ್ನು ಸುಲಭವಾಗಿ ಒಳಗೊಳ್ಳಬಲ್ಲುದೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಸವಾಲು ಹಾಕುವುದನ್ನು ರೂಢಿಸಿಕೊಂಡ ನಾಲಗೆಗೆ ಎದುರು ಪಕ್ಷದ ಹಾಡುಗಾರನ ಸ್ಥಾನದಲ್ಲಿ ಕಲೆಕ್ಟರನನ್ನು ನಿಲ್ಲಿಸುವುದು ಕಷ್ಟದ ಕೆಲಸವಲ್ಲ.

ಫ್ಲೀಟನು ಸಂಗ್ರಹಿಸಿದ ಲಾವಣಿಗಳಲ್ಲಿ ಎರಡನ್ನು ಇಲ್ಲಿ ಪರಿಶೀಲಿಸೋಣ. ಅವೆಲ್ಲವೂ ಗೀಗೀ ಮೇಳದವರ ಬಾಯಿಂದಲೇ ಬಂದುವೆಂದು ನಾವು ಹೇಳುತ್ತಿಲ್ಲ. ಆದರೆ ಮೇಳಗಳು ಯಾವ ಪರಂಪರೆಯನ್ನು ಮುಂದುವರಿಸಿದುವೋ ಆ ಪರಂಪರೆಗೆ ಸೇರಿದವುಗಳೆಂಬುದರಲ್ಲಿ ಸಂದೇಹವಿಲ್ಲ. ಮೊದಲನೆಯದು ಹಲಗಲಿಯ ಬೇಡರನ್ನು ಕುರಿತುದು. 1857ರಲ್ಲಿ ಸರಕಾರವು ಜನರ ಬಳಿಯಲ್ಲಿದ್ದ ಆಯುಧಗಳನ್ನು ಒಪ್ಪಿಸಬೇಕೆಂದು ಆಜ್ಞೆ ಮಾಡಿತು. ಬೇಡರಿಗೆ ಆಯುಧವು ಜೀವನೋಪಾಯವೂ ಹೌದು, ಕುಲದ ಮರ್ಯಾದೆಯೂ ಹೌದು. ಮುಧೋಳ ಸಂಸ್ಥಾನದ ಹಲಗಲಿಯವರು ಆಜ್ಞೆಯನ್ನು ಧಿಕ್ಕರಿಸಿದರು. ಆ ವರ್ಷದ ನವೆಂಬರ್ ಕೊನೆಯಲ್ಲಿ ಸೈನ್ಯವು ಊರಿನ ಮೇಲೆ ಬಿದ್ದು ಅದನ್ನು ಸುಟ್ಟಿತು. ಡಿಸೆಂಬರಿನಲ್ಲಿ ಸೆರೆಸಿಕ್ಕವರನ್ನು ಗಲ್ಲಿಗೇರಿಸಲಾಯಿತು. ಸರಕಾರದ ಕಾಗದಪತ್ರಗಳಲ್ಲಿ ಇದು ಶಾಂತಿಭಂಗದ ಒಂದು ಪ್ರಕರಣ. ಲಾವಣಿಯಲ್ಲಿ ಅದು ಒಂದು ಊರು ಹಾಳಾದ ಕಥೆ; ಅಲ್ಲಿ ಸತ್ತವರಿಗೆ ಹೆಸರುಗಳಿವೆ.

ಎರಡನೆಯ ಲಾವಣಿಯಲ್ಲಿ ಕತ್ತಿಯೂ ಇಲ್ಲ, ಬೆಂಕಿಯೂ ಇಲ್ಲ. 1857ರ ದಂಗೆಯಿಂದ ಬರಿದಾದ ಬೊಕ್ಕಸವನ್ನು ತುಂಬುವುದಕ್ಕಾಗಿ ಹಣಕಾಸಿನ ಸದಸ್ಯ ಜೇಮ್ಸ್ ವಿಲ್ಸನ್ನನು 1860ರಲ್ಲಿ ಹಿಂದುಸ್ಥಾನಕ್ಕೆ ಆದಾಯ ತೆರಿಗೆಯನ್ನು ತಂದನು. ವರ್ಷಕ್ಕೆ 200 ರೂಪಾಯಿಗಿಂತ ಕಡಿಮೆ ಆದಾಯವುಳ್ಳವರಿಗೆ ವಿನಾಯಿತಿ. 200ರಿಂದ 500ರ ವರೆಗೆ ನೂರಕ್ಕೆ 2, ಅದರ ಮೇಲೆ ನೂರಕ್ಕೆ 4. ಈ ತೆರಿಗೆಯು ನಡುವೆ ನಿಂತು, ಬೇರೆ ಹೆಸರಿನಿಂದ ಮರಳಿ ಬಂದು, 1870ರಲ್ಲಿ ರೂಪಾಯಿಗೆ ಆರು ಪೈಗಳಷ್ಟು ಏರಿ, 1873ರಲ್ಲಿ ರದ್ದಾಗಿ, 1886ರಲ್ಲಿ ಮತ್ತೆ ಸ್ಥಿರವಾಯಿತು. ತೆರಿಗೆಯ ದರವನ್ನು ತಿಳಿಯಲು ನಮಗೆ ಸರಕಾರದ ವರದಿಗಳು ಸಾಕು. ಆದರೆ ಆದಾಯವನ್ನು ಅಂದಾಜು ಮಾಡಲು ಊರಿಗೆ ಬಂದ ಅಧಿಕಾರಿಯನ್ನು ಜನರು ಯಾವ ಕಣ್ಣಿನಿಂದ ಕಂಡರೆಂಬುದನ್ನು ತಿಳಿಯಬೇಕಾದರೆ ಲಾವಣಿಯನ್ನೇ ಆಶ್ರಯಿಸಬೇಕು. ತೆರಿಗೆಯಂತಹ ಒಣ ವಿಷಯವನ್ನು ಹಾಡಾಗಿ ಕಟ್ಟಿ, ಅದನ್ನು ಕೇಳಲು ಜನರು ಕೂಡುತ್ತಿದ್ದರೆಂದರೆ, ಅದೇ ಒಂದು ಚಾರಿತ್ರಿಕ ಸಾಕ್ಷ್ಯವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯ. ಈ ಹಾಡುಗಳು ಅಚ್ಚಾದುದು ಅಧಿಕಾರಿಯ ಕುತೂಹಲದಿಂದ. ಯಾವ ಹಾಡನ್ನು ಬರೆದುಕೊಳ್ಳಬೇಕು, ಯಾವುದನ್ನು ಬಿಡಬೇಕೆಂಬುದನ್ನು ನಿರ್ಣಯಿಸಿದವನು ಹಾಡುಗಾರನಲ್ಲ. ಅಧಿಕಾರಿಯ ಮುಂದೆ ಹಾಡುವಾಗ ಹಾಡುಗಾರನು ಕೆಲವು ಮಾತುಗಳನ್ನು ನುಂಗಿಕೊಂಡಿರಬಹುದು. ಆದುದರಿಂದ ಅಚ್ಚಾದ ಪಾಠವನ್ನು ಬಯಲಿನಲ್ಲಿ ಕೇಳಿಸಿದ ಹಾಡೆಂದೇ ಭಾವಿಸುವುದು ಸರಿಯಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಮೇಳಗಳ ಇತಿಹಾಸವು ಹೊಸ ತಿರುವನ್ನು ಪಡೆಯಿತು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನವು ಜರುಗಿತು. ಆ ಕಾಲದ ಸುಮಾರಿಗೆ ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳ ಮೇಳಗಳು ಖಾದಿ, ಸ್ವದೇಶಿ, ಮದ್ಯಪಾನ ನಿಷೇಧ, ಸ್ವರಾಜ್ಯ ಮೊದಲಾದ ವಸ್ತುಗಳನ್ನು ಹಾಡತೊಡಗಿದುವು. ರಾಷ್ಟ್ರೀಯ ಗೀಗೀ ಪದಗಳನ್ನು ಕಟ್ಟಿದವರಲ್ಲಿ ಹುಲಕುಂದದ ಭೀಮಕವಿಯ ಹೆಸರು ಪ್ರಸಿದ್ಧವಾದುದು. ಅಕ್ಷರ ಬಾರದ ಕೇಳುಗರಿಗೆ ವೃತ್ತಪತ್ರಿಕೆಯು ಮುಟ್ಟಿಸಲಾರದ ಸುದ್ದಿಯನ್ನು ಈ ಹಾಡುಗಳು ಮುಟ್ಟಿಸಿದುವು.

ಸರಕಾರವು ಅಚ್ಚಿನ ಮೇಲೆ ಹತೋಟಿಯಿಡಲು ಬಲವಾದ ಕಾನೂನುಗಳನ್ನು ಮಾಡಿಕೊಂಡಿತ್ತು. ನಾಟಕ ಪ್ರದರ್ಶನಗಳ ಮೇಲಿನ ಶಾಸನವು 1876ರಲ್ಲಿಯೂ, ಪತ್ರಿಕೆಗಳ ಮೇಲಿನ ಶಾಸನವು 1910ರಲ್ಲಿಯೂ, ಪುನಃ 1931ರಲ್ಲಿಯೂ ಬಂದುವು. ಪತ್ರಿಕೆಯಿಂದ ಠೇವಣಿ ಕೇಳಬಹುದು, ಮುದ್ರಣಾಲಯವನ್ನು ಮುಟ್ಟುಗೋಲು ಹಾಕಬಹುದು. ಆದರೆ ಮೇಳದ ಆಸ್ತಿಯೆಂದರೆ ಒಂದು ದಪ್ಪು, ಒಂದು ತುಂತುಣಿ ಮತ್ತು ನೆನಪು. ಹಾಡುಗಾರನನ್ನು ಸೆರೆಗೆ ಹಾಕಿದರೂ, ಕೇಳಿದವರಲ್ಲಿ ಹಾಡು ಉಳಿದೇ ಇರುತ್ತಿತ್ತು.

ಇಷ್ಟರಿಂದ ಈ ಕಲೆಯ ರೂಪವೇ ಬಂಡಾಯದ ರೂಪವೆಂದು ತೀರ್ಮಾನಿಸುವವರಿದ್ದಾರೆ. ಸ್ವಾತಂತ್ರ್ಯಾನಂತರದ ಸಂಗತಿಗಳು ಆ ತೀರ್ಮಾನವನ್ನು ಸಮರ್ಥಿಸುವುದಿಲ್ಲ. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರವು ಆರಂಭವಾಯಿತು. 1954ರಲ್ಲಿ ಕೇಂದ್ರ ಸರಕಾರವು ಪಂಚವಾರ್ಷಿಕ ಯೋಜನೆಗಳ ಪ್ರಚಾರಕ್ಕಾಗಿ ಸಂಗೀತ ಮತ್ತು ನಾಟಕ ವಿಭಾಗವನ್ನು ಸ್ಥಾಪಿಸಿತು. ಸಣ್ಣ ಉಳಿತಾಯ, ಕುಟುಂಬ ಯೋಜನೆ, ಸಾಕ್ಷರತೆ ಇವುಗಳನ್ನು ಕುರಿತು ಹಾಡಲು ಗೀಗೀ ಮೇಳಗಳಿಗೆ ಕರೆ ಬಂದಿತು. ಅದೇ ದಪ್ಪು, ಅದೇ ತುಂತುಣಿ, ಅದೇ ಹಿಮ್ಮೇಳ. ಬದಲಾದುದು ಸಂಭಾವನೆ ಕೊಡುವ ಕೈ. ಮೊದಲು ಊರವರ ಕಾಣಿಕೆಯಿಂದ ನಡೆದ ಮೇಳವು ಈಗ ಇಲಾಖೆಯ ಹಣದಿಂದಲೂ ನಡೆಯಬೇಕಾಯಿತು. ಇದನ್ನು ಕೇವಲ ಅವನತಿಯೆಂದು ಹಳಿಯುವುದು ಅನ್ಯಾಯ. ಬಡ ಕಲಾವಿದರಿಗೆ ಇದು ಅನ್ನವನ್ನು ಕೊಟ್ಟಿತು. ಆಕಾಶವಾಣಿಯಿಂದಾಗಿ ಅನೇಕರ ಕಂಠವು ಜಿಲ್ಲೆಯ ಗಡಿಯನ್ನು ದಾಟಿತು. ಆದರೂ ಇಲಾಖೆಯ ಕರೆಗೆ ಹಾಡುವ ಮೇಳವು ಇಲಾಖೆಗೆ ಸವಾಲು ಹಾಕುವುದು ಕಷ್ಟವೆಂಬುದು ಸ್ಪಷ್ಟ.

ಈ ಸಮಸ್ಯೆಯು ನಮ್ಮ ನಾಡಿಗೆ ಮಾತ್ರ ಸೀಮಿತವಾದುದಲ್ಲ. ಹೋಲಿಕೆಗಾಗಿ ದೂರದ ಒಂದು ನಿದರ್ಶನವನ್ನು ನೋಡಬಹುದು. 1970ರ ದಶಕದ ಮಧ್ಯದಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ ನಗರಗಳಲ್ಲಿ ಪಂಕ್ ಎಂಬ ಸಂಗೀತವು ಹುಟ್ಟಿತು. ಮೂರು ನಾಲ್ಕು ಜನ ತರುಣರು, ಗಿಟಾರು ಮತ್ತು ಡ್ರಮ್, ಚಿಕ್ಕ ಹಾಡು, ಒರಟು ದನಿ, ಹಿರಿಯರನ್ನು ಹಂಗಿಸುವ ಮಾತು, ಇವು ಅದರ ಲಕ್ಷಣಗಳು. ದೀರ್ಘ ಅಭ್ಯಾಸವಿಲ್ಲದವರೂ ತಂಡ ಕಟ್ಟಬಹುದೆಂಬುದೇ ಅದರ ಆಕರ್ಷಣೆಯಾಗಿತ್ತು. ಆಗ ಯುಗೋಸ್ಲಾವಿಯದ ಅಂಗವಾಗಿದ್ದ ಸರ್ಬಿಯದ ನೋವಿ ಸಾದ್ ನಗರದಲ್ಲಿ 1978ರಲ್ಲಿ 'ಪೆಕಿನ್‌ಷ್ಕಾ ಪಾತ್ಕಾ', ಎಂದರೆ 'ಪೀಕಿಂಗ್ ಬಾತುಕೋಳಿ', ಎಂಬ ತಂಡವು ಹುಟ್ಟಿತು. ಸರ್ಬಿಯದ ಮೊದಲ ಪಂಕ್ ತಂಡಗಳಲ್ಲಿ ಇದೊಂದು. ಅವರ ಮೊದಲ ದೊಡ್ಡ ಧ್ವನಿಮುದ್ರಿಕೆಯಾದ 'ಪ್ಲಿತ್ಕಾ ಪೊಯೆಝಿಯಾ' (ಆಳವಿಲ್ಲದ ಕಾವ್ಯ) 1980ರಲ್ಲಿ, ಅಧ್ಯಕ್ಷ ಟೀಟೋ ತೀರಿಕೊಂಡ ವರ್ಷದಲ್ಲಿ, ಹೊರಬಂದಿತು. ಎರಡನೆಯದಾದ 'ಸ್ತ್ರಾಹ್ ಓದ್ ಮೊನೊತೊನಿಯೆ' (ಏಕತಾನತೆಯ ಭಯ) 1981ರಲ್ಲಿ ಬಂದಿತು. ಅದೇ ವರ್ಷ ತಂಡವು ಒಡೆಯಿತು.

ಇದರಲ್ಲಿ ನಮಗೆ ವಿಚಾರಾರ್ಹವಾದ ಅಂಶವು ಬೇರೆ. ಸಮಾಜವಾದಿ ವ್ಯವಸ್ಥೆಯ ಬೇಸರವನ್ನು ಅಣಕಿಸಿದ ಈ ಹಾಡುಗಳನ್ನು ಹೊರತಂದುದು ಜಾಗ್ರೆಬ್ ನಗರದ ಯುಗೋತೋನ್ ಸಂಸ್ಥೆ. ಅದು ಅದೇ ವ್ಯವಸ್ಥೆಯ ಒಂದು ಸಾರ್ವಜನಿಕ ಉದ್ಯಮವಾಗಿತ್ತು. ಆ ದೇಶದಲ್ಲಿ 1972ರಿಂದ ಕೀಳು ಅಭಿರುಚಿಯದೆಂದು ನಿರ್ಣಯಿಸಲ್ಪಟ್ಟ ಪುಸ್ತಕಗಳ ಮತ್ತು ಧ್ವನಿಮುದ್ರಿಕೆಗಳ ಮೇಲೆ ಹೆಚ್ಚಿನ ತೆರಿಗೆ ಬೀಳುವ ಪದ್ಧತಿಯಿತ್ತು. ನಮ್ಮಲ್ಲಿ ತೆರಿಗೆಯನ್ನು ಕುರಿತು ಹಾಡು ಹುಟ್ಟಿದರೆ, ಅಲ್ಲಿ ಹಾಡಿನ ಮೇಲೆಯೇ ತೆರಿಗೆ ಹುಟ್ಟಿತು. ಫ್ಲೀಟನ ಲಾವಣಿ ಸಂಗ್ರಹಕ್ಕೂ ಯುಗೋತೋನಿನ ಧ್ವನಿಮುದ್ರಿಕೆಗೂ ಕಾಲದೇಶಗಳ ಅಂತರವು ಎಷ್ಟೇ ಇರಲಿ, ಒಂದು ಸಾಮ್ಯವು ಕಾಣುತ್ತದೆ: ಪ್ರಶ್ನಿಸಿದವನ ದನಿಯು ಉಳಿದುದು ಪ್ರಶ್ನಿಸಲ್ಪಟ್ಟವನ ಪೆಟ್ಟಿಗೆಯಲ್ಲಿ. ಮೂರೇ ವರ್ಷ ಬಾಳಿದ ಆ ತಂಡದ ಪ್ರತಿಯೊಂದು ಹಾಡಿಗೂ ತಾರೀಖು ಇದೆ, ವಾದ್ಯ ನುಡಿಸಿದವರ ಹೆಸರಿದೆ. ತಲೆಮಾರುಗಳ ಕಾಲ ಹಾಡಿದ ನಮ್ಮ ಮೇಳಗಳಲ್ಲಿ ಹಿಮ್ಮೇಳದವನ ಹೆಸರನ್ನು ಬರೆದಿಟ್ಟವರು ವಿರಳ.

ಪುನಃ ನಮ್ಮ ಪ್ರದೇಶಕ್ಕೆ ಬರೋಣ. ಅಣ್ಣಿಗೇರಿಯ ಉತ್ತರಕ್ಕೆ ನವಲಗುಂದ, ಅದರಾಚೆಗೆ 1858ರಲ್ಲಿ ಬಾಬಾಸಾಹೇಬನು ಆಂಗ್ಲರ ವಿರುದ್ಧ ಎದ್ದು ಗಲ್ಲಿಗೇರಿದ ನರಗುಂದ. ಇದೇ ಎರೆಯ ನೆಲದಲ್ಲಿ 1980ರ ಜುಲೈ 21ರಂದು ಮಲಪ್ರಭಾ ನೀರಾವರಿ ಪ್ರದೇಶದ ರೈತರು ನೀರಿನ ಕರ ಮತ್ತು ಬೆಟರ್‌ಮೆಂಟ್ ಲೆವಿಯನ್ನು ವಿರೋಧಿಸಿ ನಡೆಸಿದ ಚಳವಳಿಯು ಗೋಲಿಬಾರಿನಲ್ಲಿ ಮುಗಿದು ಪ್ರಾಣಹಾನಿಯಾಯಿತು. ಆ ದಿನವನ್ನು ಅಂದಿನಿಂದ ರೈತ ಹುತಾತ್ಮರ ದಿನವೆಂದು ಆಚರಿಸಲಾಗುತ್ತಿದೆ. 1860ರ ಆದಾಯ ತೆರಿಗೆಗೂ 1980ರ ಲೆವಿಗೂ ನಡುವೆ ಆಳುವವರು ಬದಲಾಗಿದ್ದರು. ತನ್ನ ಆದಾಯವನ್ನು ಬೇರೊಬ್ಬನು ಅಂದಾಜು ಮಾಡಿ ಕರ ಹೇರುವನೆಂಬ ರೈತನ ಅಸಮಾಧಾನವು ಬದಲಾಗಿರಲಿಲ್ಲ. ಈ ವೇಳೆಗೆ ಪ್ರತಿಭಟನೆಯ ಹಾಡು ಬೇರೆ ಕಂಠಗಳನ್ನೂ ಸೇರಿತ್ತು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಪ್ರಕಟವಾದುದೂ, 'ಸಮುದಾಯ' ತಂಡವು ಹುಟ್ಟಿದುದೂ 1975ರಲ್ಲಿ. ದಲಿತ ಸಂಘರ್ಷ ಸಮಿತಿಯ ಮತ್ತು ರೈತ ಸಂಘದ ಸಭೆಗಳಲ್ಲಿ ಹಲಗೆಯ ದನಿಯೊಡನೆ ಹೊಸ ಹಾಡುಗಳು ಕೇಳಿಸಿದುವು. ರೂಪವು ಗೀಗೀಯದಲ್ಲದಿದ್ದರೂ, ಮೇಳವನ್ನು ಹಿಂದೆ ಪೋಷಿಸಿದ ಸಂಬಂಧವು ಇಲ್ಲಿ ಮರಳಿ ಕಾಣಿಸಿತು: ಹಾಡುವವನೂ ಕೇಳುವವನೂ ಒಂದೇ ಕಷ್ಟದವರು.

ಆದುದರಿಂದ ನಮ್ಮ ಮೊದಲ ಪ್ರಶ್ನೆಗೆ ಉತ್ತರವನ್ನು ಹೀಗೆ ಹೇಳಬಹುದು. ಚಿಕ್ಕ ಮೇಳ, ಅಗ್ಗದ ವಾದ್ಯ, ಕೆಣಕುವ ಮಾತು, ಇವು ಪ್ರತಿಭಟನೆಗೆ ಅನುಕೂಲವಾದ ಸಾಧನಗಳು. ಆದರೆ ಅವು ಯಾರ ಕೈಗೂ ಒದಗುವಂತಹವು. ಮೇಳವು ಯಾವ ಕಾಲದಲ್ಲಿ ಏನಾಗಿತ್ತೆಂಬುದನ್ನು ನಿರ್ಣಯಿಸುವಾಗ ಅದನ್ನು ಕರೆದವರಾರು, ಸಂಭಾವನೆ ಕೊಟ್ಟವರಾರು, ಎದುರಿಗೆ ಕುಳಿತವರಾರು ಎಂಬ ಮೂರು ಪ್ರಶ್ನೆಗಳನ್ನು ಕೇಳುವುದು ಇತಿಹಾಸಕಾರನ ಕರ್ತವ್ಯ. ಹಲಗಲಿಯ ಲಾವಣಿಯು ನಮ್ಮ ರಾಜ್ಯದ ಹತ್ತನೆಯ ತರಗತಿಯ ಕನ್ನಡ ಪಠ್ಯಪುಸ್ತಕದಲ್ಲಿ ಪಾಠವಾಗಿ ಬಂದಿತು. ಅದನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಈ ಮೂರು ಪ್ರಶ್ನೆಗಳನ್ನೂ ಹೇಳಿಕೊಟ್ಟರೆ ಪಾಠವು ಸಾರ್ಥಕವಾದೀತು.

ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಮೇಳ ಕಟ್ಟಿ ಹಾಡಿದ ಹಿರಿಯರು ಇನ್ನೂ ಇದ್ದಾರೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಅನೇಕರು ಅದೇ ಹಳ್ಳಿಗಳಿಂದ ಬರುವವರು. ಹಾಡಿನ ಪಾಠದೊಡನೆ ಹಾಡಿದವರ, ತುಂತುಣಿ ಹಿಡಿದವರ, ತಾಳ ಹಾಕಿದವರ ಹೆಸರು, ಊರು, ಕರೆದ ಜಾತ್ರೆ, ದೊರೆತ ಸಂಭಾವನೆ ಇಷ್ಟನ್ನು ಅವರು ಬರೆದುಕೊಂಡು ತಂದರೆ, ಮುಂದಿನವರು ಈ ಇತಿಹಾಸವನ್ನು ಅಧಿಕಾರಿಗಳ ಸಂಗ್ರಹವನ್ನು ಮಾತ್ರ ನಂಬಿ ಬರೆಯಬೇಕಾಗುವುದಿಲ್ಲ.