ಗಡುವಿನ ಕೊನೆಯ ದಿನ ಸೂಟಿ ಬಂದರೆ

ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳ ಗೋಡೆಯ ಮೇಲೆ ಬಹುಮಟ್ಟಿಗೆ ಎರಡು ಕ್ಯಾಲೆಂಡರುಗಳಿರುತ್ತವೆ. ಒಂದು, 1973ರಲ್ಲಿ ಜಯಂತರಾವ್ ಸಾಳಗಾಂವಕರರು ಮುಂಬಯಿಯಲ್ಲಿ ಆರಂಭಿಸಿದ 'ಕಾಲನಿರ್ಣಯ'. ಇನ್ನೊಂದು, ಊರಿನಿಂದ ಬಂದವರು ತಂದುಕೊಟ್ಟದ್ದು. ಯುಗಾದಿಯೂ ಗುಡಿಪಾಡ್ವಾವೂ ಎರಡರಲ್ಲಿಯೂ ಒಂದೇ ದಿನ. ಆದರೆ ಶಿವಾಜಿ ಜಯಂತಿಯ ರಜೆ, ಪಾರಸಿಗಳ ಹೊಸ ವರ್ಷದ ರಜೆ ಕರ್ನಾಟಕಕ್ಕೆ ಇಲ್ಲ. ರಾಜ್ಯೋತ್ಸವ, ಕನಕದಾಸ ಜಯಂತಿಗಳ ರಜೆ ಮಹಾರಾಷ್ಟ್ರಕ್ಕೆ ಇಲ್ಲ. ಹಬ್ಬದ ಮಟ್ಟಿಗೆ ಇದರಿಂದ ಯಾರಿಗೂ ತೊಂದರೆಯಾಗುವುದಿಲ್ಲ. ಊರಿನಲ್ಲಿ ಹೊಲ-ಮನೆಯ ಒಂದು ದಾವೆ, ಇಲ್ಲಿ ಮನೆಸಾಲದ ಒಂದು ಕಂತು, ಕಚೇರಿಗೆ ಸಲ್ಲಿಸಬೇಕಾದ ಒಂದು ಮೇಲ್ಮನವಿ ಬಂದಾಗ ಮಾತ್ರ ರಜೆಯ ಲೆಕ್ಕ ಹಕ್ಕಿನ ಲೆಕ್ಕವಾಗುತ್ತದೆ. ಗಡುವಿನ ಕೊನೆಯ ದಿನವೇ ಸೂಟಿ ಬಿದ್ದರೆ ಏನು ಮಾಡಬೇಕು ಎಂಬ ಪ್ರಶ್ನೆ ಚಿಕ್ಕದಾಗಿ ಕಂಡರೂ ಅದಕ್ಕೊಂದು ಇತಿಹಾಸವಿದೆ. ಆ ಲೆಕ್ಕವನ್ನು ಈಗ ನಾವು ಗಣಕಯಂತ್ರಕ್ಕೆ ಒಪ್ಪಿಸಿರುವುದರಿಂದ ಆ ಇತಿಹಾಸವನ್ನು ಒಮ್ಮೆ ನೋಡುವುದು ಉಪಯುಕ್ತವೆಂದು ನಮಗೆ ತೋರುತ್ತದೆ.

ರಜೆ ಎಂಬುದು ಪ್ರಕೃತಿ ಕೊಟ್ಟದ್ದಲ್ಲ, ಮನುಷ್ಯರು ಸಾರಿದ್ದು. 1853ನೆಯ ಇಸವಿ ಏಪ್ರಿಲ್ 16ರಂದು ಬೋರಿಬಂದರಿನಿಂದ ನಮ್ಮ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು 34 ಕಿಲೋಮೀಟರು ಓಡಿತು. ಆ ಶನಿವಾರ ಮುಂಬಯಿಯಲ್ಲಿ ಸಾರ್ವಜನಿಕ ರಜೆ ಸಾರಲಾಗಿತ್ತು. ಆದರೆ ಗಿರಣಿಯ ಕೂಲಿಕಾರನಿಗೆ ವಾರಕ್ಕೊಂದು ರಜೆ ಸಿಗಲು ಅಲ್ಲಿಂದ ಇನ್ನೂ 37 ವರ್ಷ ಕಾಯಬೇಕಾಯಿತು. ಅದನ್ನು ದೊರಕಿಸಿದ ನಾರಾಯಣ ಮೇಘಾಜಿ ಲೋಖಂಡೆಯವರು ಠಾಣೆಯಲ್ಲಿ ಹುಟ್ಟಿದವರು. ಮಹಾತ್ಮಾ ಜೋತಿಬಾ ಫುಲೆಯವರ ಅನುಯಾಯಿ, 'ದೀನಬಂಧು' ಪತ್ರಿಕೆಯ ಸಂಪಾದಕರು. 1884ರಲ್ಲಿ ಗಿರಣಿ ಕಾರ್ಮಿಕರನ್ನು ಸಂಘಟಿಸಿ, ಅರ್ಜಿ ಮೇಲೆ ಅರ್ಜಿ ಕೊಟ್ಟು, ಕೊನೆಗೆ 1890ರ ಜೂನ್ 10ರಂದು ಭಾನುವಾರದ ರಜೆಗೆ ಗಿರಣಿ ಮಾಲೀಕರನ್ನು ಒಪ್ಪಿಸಿದರು. ಭಾನುವಾರ ಖಂಡೋಬನ ವಾರವೂ ಹೌದೆಂಬ ವಾದವನ್ನು ಅವರು ಮುಂದಿಟ್ಟರೆಂದು ಹೇಳುತ್ತಾರೆ. ಖಂಡೋಬನೆಂದರೆ ನಮ್ಮ ಮೈಲಾರಲಿಂಗನೇ ತಾನೆ! 2005ರಲ್ಲಿ ಭಾರತ ಸರಕಾರ ಲೋಖಂಡೆಯವರ ಅಂಚೆಚೀಟಿ ಹೊರತಂದಿತು.

ಇನ್ನು ಕಾನೂನಿನ ಕಡೆಗೆ ಬರೋಣ. ನಮ್ಮ ಹಿರಿಯರ ಹುಂಡಿ ವ್ಯವಹಾರದಲ್ಲಿ 'ಮುದ್ದತು' ಎಂಬ ಮಾತಿತ್ತು. ಹಣ ಕೊಡಬೇಕಾದ ದಿನ ಯಾವುದೆಂದು ಆ ಮುದ್ದತಿನಿಂದ ತಿಳಿಯುತ್ತಿತ್ತು. ಚೆಕ್ಕು, ವಾಗ್ದಾನ ಪತ್ರ, ವಿನಿಮಯ ಪತ್ರಗಳಿಗಾಗಿ ಬಂದ 1881ರ ಕಾಯಿದೆಯು ಈ ಲೆಕ್ಕವನ್ನು ಬರೆದಿಟ್ಟಿತು. ಬರೆದ ದಿನವನ್ನು ಎಣಿಸಬಾರದು. ತಿಂಗಳ ಲೆಕ್ಕದಲ್ಲಿ ಅದೇ ತಾರೀಖು ಸಿಗದಿದ್ದರೆ ಆ ತಿಂಗಳ ಕೊನೆಯ ದಿನ ಹಿಡಿಯಬೇಕು. ಅದರ ಮೇಲೆ ಮೂರು ದಿನ ರಿಯಾಯಿತಿ ಕೊಡಬೇಕು. ಕಾಯಿದೆಯೇ ಉದಾಹರಣೆ ಕೊಟ್ಟಿದೆ: 1878ರ ಆಗಸ್ಟ್ 30ರಂದು ಬರೆದ ಮೂರು ತಿಂಗಳ ಪತ್ರವೂ, ಆಗಸ್ಟ್ 31ರಂದು ಬರೆದ ಮೂರು ತಿಂಗಳ ಪತ್ರವೂ ಒಂದೇ ದಿನ, ಡಿಸೆಂಬರ್ 3ರಂದು, ಸಲ್ಲುತ್ತವೆ. ನವೆಂಬರಿಗೆ 31 ಇಲ್ಲವಲ್ಲ! ಆ ಕೊನೆಯ ದಿನ ಸಾರ್ವಜನಿಕ ರಜೆಯಾದರೆ? 25ನೆಯ ಕಲಮಿನ ಪ್ರಕಾರ ಹಣ ಹಿಂದಿನ ಕೆಲಸದ ದಿನವೇ ಸಲ್ಲಬೇಕು. ಎಂದರೆ ಇಲ್ಲಿ ಗಡುವು ಹಿಂದಕ್ಕೆ ಸರಿಯುತ್ತದೆ.

ಹದಿನಾರು ವರ್ಷಗಳ ಬಳಿಕ, 1897ರಲ್ಲಿ ಬಂದ ಸಾಮಾನ್ಯ ಖಂಡಗಳ ಕಾಯಿದೆ ಇದಕ್ಕೆ ತೀರ ವಿರುದ್ಧವಾದ ದಿಕ್ಕನ್ನು ತೋರಿಸಿತು. ಅದರ 10ನೆಯ ಕಲಮು ಹೇಳುವುದು ಇಷ್ಟು: ಒಂದು ಕೆಲಸವನ್ನು ನ್ಯಾಯಾಲಯದಲ್ಲಾಗಲಿ ಕಚೇರಿಯಲ್ಲಾಗಲಿ ಇಂಥ ಅವಧಿಯೊಳಗೆ ಮಾಡಬೇಕೆಂದಿದ್ದು, ಕೊನೆಯ ದಿನ ಆ ಕಚೇರಿ ಮುಚ್ಚಿದ್ದರೆ, ಅದು ತೆರೆದ ಮೊದಲ ದಿನ ಮಾಡಿದರೂ ಸಕಾಲದಲ್ಲಿ ಮಾಡಿದಂತೆಯೇ. ಇಲ್ಲಿ ಗಡುವು ಮುಂದಕ್ಕೆ ಸರಿಯುತ್ತದೆ. ದಾವೆಗಳಿಗೆ ಸಂಬಂಧಿಸಿದಂತೆ 1963ರ ಕಾಲಮಿತಿ ಕಾಯಿದೆಯ 4ನೆಯ ಕಲಮೂ ಇದೇ ಮಾತನ್ನು ಹೇಳುತ್ತದೆ. ಒಟ್ಟಿನಲ್ಲಿ, ಹಣ ಕೊಡುವವನು ರಜೆಗೆ ಮುಂಚೆ ಕೊಡಬೇಕು. ಬಾಗಿಲು ಮುಚ್ಚಿದ ಕಚೇರಿಯ ಮುಂದೆ ನಿಂತವನಿಗೆ ರಜೆಯ ಬಳಿಕವೂ ಅವಕಾಶ ಉಂಟು. ಕೇಂದ್ರ ಸರಕಾರಿ ನೌಕರರಾದ ನಾವು ಇನ್ನೊಂದು ಬಗೆಯನ್ನೂ ಬಲ್ಲೆವು. ತಿಂಗಳ ಸಂಬಳ ಕೊನೆಯ ಕೆಲಸದ ದಿನ ಬರುತ್ತದೆ. ಮಾರ್ಚಿನ ಸಂಬಳ ಮಾತ್ರ ಏಪ್ರಿಲಿನ ಮೊದಲ ಕೆಲಸದ ದಿನಕ್ಕೆ ಹೋಗುತ್ತದೆ. ನಿವೃತ್ತಿಯಾದರೋ ತಿಂಗಳ ಕೊನೆಯ ದಿನವೇ. ಅಂದು ಭಾನುವಾರವಿದ್ದರೂ ಅದು ಹಿಂದಕ್ಕೂ ಹೋಗದು, ಮುಂದಕ್ಕೂ ಹೋಗದು.

ದಿಕ್ಕಿನ ಕಥೆ ಹೀಗಾಯಿತು. ಶನಿವಾರದ ಕಥೆ ಬೇರೆಯೇ ಇದೆ. 1985ರ ಜೂನ್ 3ರಿಂದ ಕೇಂದ್ರದ ಆಡಳಿತ ಕಚೇರಿಗಳಿಗೆ ಐದು ದಿನಗಳ ವಾರ ಬಂತು. ಮಹಾರಾಷ್ಟ್ರ ಸರಕಾರದ ಕಚೇರಿಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಮಾತ್ರ ರಜೆಯಿದ್ದದ್ದು 2020ರ ಫೆಬ್ರವರಿ 29ರಿಂದ ಐದು ದಿನಗಳ ವಾರವಾಯಿತು. ಬ್ಯಾಂಕುಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರದ ರಜೆ ಆರಂಭವಾದದ್ದು 2015ರ ಸೆಪ್ಟೆಂಬರ್ 1ರಿಂದ. ಡೊಂಬಿವಲಿಯ ಔದ್ಯೋಗಿಕ ವಸಾಹತಿನಲ್ಲಿ ಅನೇಕ ಕಾರ್ಖಾನೆಗಳ ವಾರದ ಸೂಟಿ ಶುಕ್ರವಾರ. ತಂದೆ ಕೇಂದ್ರ ಕಚೇರಿ, ಮಗ ಬ್ಯಾಂಕು, ಅಳಿಯ ಕಾರ್ಖಾನೆ ಎಂದರೆ ಒಂದೇ ಮನೆಯಲ್ಲಿ ಮೂರು ಬಗೆಯ ವಾರಗಳು!

ಇಂಥ ಗೊಂದಲವನ್ನು ಬಿಡಿಸಲು ಗಣಕಯಂತ್ರವಲ್ಲದೆ ಇನ್ನಾರು ಬೇಕು ಎಂದು ಅನ್ನಿಸುವುದು ಸಹಜ. ಗಣಕಯಂತ್ರ ತಾರೀಖನ್ನು ತಾರೀಖಾಗಿ ನೋಡುವುದಿಲ್ಲ, ಒಂದು ಅಂಕಿಯಾಗಿ ನೋಡುತ್ತದೆ. ಎಕ್ಸೆಲ್ ತಂತ್ರಾಂಶದಲ್ಲಿ 1900ರ ಜನವರಿ 1 ಎಂದರೆ 1. ಅಲ್ಲಿಂದ ಒಂದೊಂದು ದಿನಕ್ಕೆ ಒಂದೊಂದು ಹೆಚ್ಚು. ಆದ್ದರಿಂದ 30 ದಿನ ಕೂಡಿಸುವುದು ಅದಕ್ಕೆ ಕ್ಷಣದ ಕೆಲಸ. ಆದರೆ ಈ ಎಣಿಕೆಯ ಬುಡದಲ್ಲಿಯೇ ಒಂದು ತಪ್ಪಿದೆ. 1900 ಅಧಿಕ ವರ್ಷವಲ್ಲ. 1983ರಲ್ಲಿ ಬಂದ ಲೋಟಸ್ 1-2-3 ಎಂಬ ತಂತ್ರಾಂಶ ಅದನ್ನು ಅಧಿಕ ವರ್ಷವೆಂದೇ ಹಿಡಿಯಿತು. ಅದರ ಕಡತಗಳೊಡನೆ ಹೊಂದಿಕೊಳ್ಳಬೇಕೆಂದು ಎಕ್ಸೆಲ್ ಕೂಡ ಆ ತಪ್ಪನ್ನು ಹಾಗೆಯೇ ಉಳಿಸಿಕೊಂಡಿತು. ಎಂದೂ ಇಲ್ಲದ 1900ರ ಫೆಬ್ರವರಿ 29 ಇಂದಿಗೂ ಅದರಲ್ಲಿ 60ನೆಯ ದಿನವಾಗಿ ಕುಳಿತಿದೆ. ಇಂದಿನ ತಾರೀಖುಗಳಿಗೆ ಇದರಿಂದ ಬಾಧಕವಿಲ್ಲ. ಯಂತ್ರವೂ ಹಿರಿಯರು ಹಾಕಿಕೊಟ್ಟ ದಾರಿಯಲ್ಲಿ ನಡೆಯುತ್ತದೆ ಎಂಬುದಕ್ಕೆ ಮಾತ್ರ ಇದು ಸಾಕ್ಷಿ.

ಕೆಲಸದ ದಿನಗಳನ್ನು ಎಣಿಸಲು ಎಕ್ಸೆಲಿನಲ್ಲಿ 'ವರ್ಕ್‌ಡೇ' ಎಂಬ ಸೂತ್ರವಿದೆ. ಅನೇಕರು ಎಡವುವುದು ಇಲ್ಲಿಯೇ. ಉದಾಹರಣೆಗೆ, ಮಾಹಿತಿ ಹಕ್ಕಿನ ಅರ್ಜಿಗೆ ಬಂದ ಉತ್ತರ 2025ರ ಸೆಪ್ಟೆಂಬರ್ 2ರಂದು ಕೈಸೇರಿತು ಎನ್ನೋಣ. ಮೊದಲ ಮೇಲ್ಮನವಿಗೆ 30 ದಿನ. ಬಂದ ದಿನವನ್ನು ಬಿಟ್ಟು ಎಣಿಸಿದರೆ 30ನೆಯ ದಿನ ಅಕ್ಟೋಬರ್ 2; ಅಂದು ಗಾಂಧಿ ಜಯಂತಿ, ಆ ವರ್ಷ ವಿಜಯದಶಮಿಯೂ ಅಂದೇ. ಕಚೇರಿ ಮುಚ್ಚಿರುವುದರಿಂದ ಅಕ್ಟೋಬರ್ 3ರ ಶುಕ್ರವಾರ ಕೊಟ್ಟರೆ ಸಲ್ಲುತ್ತದೆ. ಆದರೆ ಸೆಪ್ಟೆಂಬರ್ 2ರಿಂದ 30 ದಿನ ಎಂದು 'ವರ್ಕ್‌ಡೇ' ಸೂತ್ರವನ್ನು ಕೇಳಿದರೆ ಅದು ಮೂವತ್ತು ಕೆಲಸದ ದಿನಗಳನ್ನು ಎಣಿಸಿ ಅಕ್ಟೋಬರ್ ಮಧ್ಯಕ್ಕೆ ಒಯ್ಯುತ್ತದೆ. ಕಾನೂನು ನಡುವಿನ ಭಾನುವಾರಗಳನ್ನು ಬಿಡುವುದಿಲ್ಲ. ಕೊನೆಯ ದಿನದ ರಜೆಯನ್ನು ಮಾತ್ರ ಗಮನಿಸುತ್ತದೆ. ಆದ್ದರಿಂದ ಮೊದಲು ಸಾದಾ ಕೂಡಿಕೆಯಿಂದ ಗಡುವಿನ ತಾರೀಖು ತೆಗೆಯಬೇಕು. ಆಮೇಲೆ ಅದರಲ್ಲಿ ಒಂದು ಕಳೆದು, ಅಲ್ಲಿಂದ ಒಂದು ಕೆಲಸದ ದಿನ ಮುಂದಕ್ಕೆ ಕೇಳಬೇಕು. ಗಡುವಿನ ದಿನ ಕಚೇರಿ ತೆರೆದಿದ್ದರೆ ಅದೇ ದಿನ ಬರುತ್ತದೆ, ಮುಚ್ಚಿದ್ದರೆ ಮುಂದಿನ ದಿನ ಬರುತ್ತದೆ. ವಿನಿಮಯ ಪತ್ರದ ಹಣಕ್ಕಾದರೆ ಒಂದು ಕೂಡಿಸಿ, ಒಂದು ಕೆಲಸದ ದಿನ ಹಿಂದಕ್ಕೆ ಕೇಳಬೇಕು. ಈ ಸೂತ್ರ ಶನಿವಾರ, ಭಾನುವಾರ ಎರಡನ್ನೂ ತಾನಾಗಿಯೇ ರಜೆಯೆಂದು ತಿಳಿಯುತ್ತದೆ. ವಾರದ ರಜೆ ಬೇರೆಯಿದ್ದರೆ 2010ರ ಆವೃತ್ತಿಯಲ್ಲಿ ಬಂದ 'ವರ್ಕ್‌ಡೇ ಇಂಟಲ್' ಬಳಸಬೇಕು. ಅದರಲ್ಲಿ 11 ಎಂದರೆ ಭಾನುವಾರ ಮಾತ್ರ, 16 ಎಂದರೆ ಶುಕ್ರವಾರ ಮಾತ್ರ. ಬ್ಯಾಂಕಿನ ಎರಡನೆಯ, ನಾಲ್ಕನೆಯ ಶನಿವಾರಗಳಿಗೆ ಸಂಕೇತವಿಲ್ಲ. ಅವನ್ನು ಒಂದೊಂದಾಗಿ ರಜೆಯ ಪಟ್ಟಿಯಲ್ಲಿ ಬರೆಯಬೇಕು.

ಆ ಪಟ್ಟಿಯನ್ನು ಯಂತ್ರ ತಾನಾಗಿ ಅರಿಯದು. ಇದಕ್ಕೆ ನಮ್ಮ ಭಾಗದಲ್ಲಿಯೇ ನಡೆದ ನಿದರ್ಶನವಿದೆ. 2025ರಲ್ಲಿ ಈದ್-ಎ-ಮಿಲಾದ್ ರಜೆ ಸೆಪ್ಟೆಂಬರ್ 5ರ ಶುಕ್ರವಾರವೆಂದು ಪಟ್ಟಿಯಲ್ಲಿತ್ತು. ಮರುದಿನ ಅನಂತ ಚತುರ್ದಶಿ, ಗಣಪತಿ ವಿಸರ್ಜನೆ. ಎರಡು ಮೆರವಣಿಗೆಗಳು ಒತ್ತೊತ್ತಾಗಿ ಬರಬಾರದೆಂದು ರಾಜ್ಯ ಸರಕಾರ ಕೆಲವೇ ದಿನ ಮುಂಚೆ ಮುಂಬಯಿ ನಗರ ಮತ್ತು ಉಪನಗರ ಜಿಲ್ಲೆಗಳಿಗೆ ಆ ರಜೆಯನ್ನು ಸೆಪ್ಟೆಂಬರ್ 8ರ ಸೋಮವಾರಕ್ಕೆ ಬದಲಿಸಿತು. ಉಳಿದ ಜಿಲ್ಲೆಗಳಲ್ಲಿ 5ನೆಯ ತಾರೀಖೇ ಉಳಿಯಿತು. ಮುಲುಂಡದಿಂದ ಠಾಣೆಗೆ ಲೋಕಲ್ ಗಾಡಿಯಲ್ಲಿ ಒಂದೇ ನಿಲ್ದಾಣ. ಆದರೆ ಆ ವಾರ ಎರಡು ಊರುಗಳ ಸರಕಾರಿ ರಜೆ ಬೇರೆ ಬೇರೆ. ಜನವರಿಯಲ್ಲಿ ತುಂಬಿಸಿಟ್ಟ ಪಟ್ಟಿಯನ್ನು ನಂಬಿ ಕುಳಿತ ಯಂತ್ರ ಆಗ ತಪ್ಪು ದಿನವನ್ನೇ ಹೇಳಿರುತ್ತದೆ.

ಪಟ್ಟಿ ಸರಿಯಿದ್ದರೂ ಸಾಲದು ಎಂಬುದಕ್ಕೆ ನಮ್ಮ ವಿಜಯಪುರ ಜಿಲ್ಲೆಯ ಮೊಕದ್ದಮೆಯೊಂದು ಎಲ್ಲರೂ ತಿಳಿದಿರಬೇಕಾದದ್ದು. ಇಂಡಿ ತಾಲ್ಲೂಕಿನ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆಗೂ ಮಹಾರಾಷ್ಟ್ರದ ವಾಲಚಂದನಗರ ಇಂಡಸ್ಟ್ರೀಸಿಗೂ ನಡುವಣ ವಿವಾದದಲ್ಲಿ ಮಧ್ಯಸ್ಥರ ತೀರ್ಪು 2016ರ ಆಗಸ್ಟ್ 24ರಂದು ಬಂತು. ಅದನ್ನು ಪ್ರಶ್ನಿಸಲು ಕಾನೂನು ಕೊಡುವ ಕಾಲ ಮೂರು ತಿಂಗಳು. ತಕ್ಕ ಕಾರಣವಿದ್ದರೆ ನ್ಯಾಯಾಲಯ ಮತ್ತೆ 30 ದಿನ ಕೊಡಬಹುದು, ಅದಕ್ಕಿಂತ ಹೆಚ್ಚಿಲ್ಲ. ಆ ಹೆಚ್ಚಿನ 30 ದಿನ ಮುಗಿದದ್ದು ಡಿಸೆಂಬರ್ 24ರಂದು. ಆಗ ನ್ಯಾಯಾಲಯಕ್ಕೆ ಕ್ರಿಸ್‌ಮಸ್ ರಜೆ. ಬಾಗಿಲು ತೆರೆದ 2017ರ ಜನವರಿ 2ರಂದು ಕಾರ್ಖಾನೆ ಅರ್ಜಿ ಹಾಕಿತು. ಮೇಲಿನ ಕಲಮುಗಳನ್ನು ಓದಿದವರಿಗೆ ಇದು ಸರಿಯೆಂದೇ ತೋರುತ್ತದೆ. ಆದರೆ 2023ರ ಏಪ್ರಿಲ್ 10ರಂದು ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ರಜೆಯ ಅನುಕೂಲ ಸಿಗುವುದು 'ನಿಗದಿಯಾದ ಅವಧಿ'ಗೆ ಮಾತ್ರ, ಎಂದರೆ ಆ ಮೂರು ತಿಂಗಳಿಗೆ. ಕೃಪೆಯಿಂದ ದೊರೆಯುವ 30 ದಿನಗಳಿಗೆ ಅದು ಅನ್ವಯಿಸದು. ಕಾಲಮಿತಿ ಕಾಯಿದೆ ಅನ್ವಯಿಸುವಲ್ಲಿ 1897ರ ಕಾಯಿದೆಯ 10ನೆಯ ಕಲಮೂ ನೆರವಿಗೆ ಬಾರದು. 2025ರ ಜನವರಿಯಲ್ಲಿ ಇಂಥದೇ ಇನ್ನೊಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಬೇರೊಂದು ಪೀಠ ಹಿಂದಿನ ತೀರ್ಪುಗಳಿಗೆ ಕಟ್ಟುಬಿದ್ದು ಅದೇ ನಿರ್ಣಯ ಕೊಟ್ಟಿತಾದರೂ ಈ ಕಟ್ಟುನಿಟ್ಟಿನ ಬಗ್ಗೆ ಅಸಮಾಧಾನ ತೋರಿತು. ಬಾಗಿಲಿಗೆ ಬೀಗವಿದ್ದ ದಿನಗಳೂ ಎಣಿಕೆಯಲ್ಲಿ ಸೇರಿಹೋದವು. ಎಂಥ ತಂತ್ರಾಂಶವೂ, ಯಾರಾದರೂ ಈ ಭೇದವನ್ನು ಅದಕ್ಕೆ ತಿಳಿಸದ ಹೊರತು, ಕಾರ್ಖಾನೆಗೆ ಜನವರಿ 2 ಎಂದೇ ಹೇಳುತ್ತಿತ್ತು.

ಎಣಿಕೆಯೇ ನಿಂತ ಕಾಲವನ್ನೂ ನಾವು ಕಂಡಿದ್ದೇವೆ. ಕೊರೋನಾ ಹಾವಳಿಯಲ್ಲಿ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಕಾಲವನ್ನು ಕಾಲಮಿತಿಯ ಲೆಕ್ಕದಿಂದ ಸರ್ವೋಚ್ಚ ನ್ಯಾಯಾಲಯವೇ ಬಿಟ್ಟುಬಿಟ್ಟಿತು. ಇನ್ನೊಂದು ಕಡೆ, ಗಣಕಯಂತ್ರ ರಜೆಯನ್ನೇ ಅಳಿಸಿಹಾಕಿದ ಉದಾಹರಣೆಯೂ ಇದೆ. ಬ್ಯಾಂಕಿನ ನೆಫ್ಟ್ ಹಣ ವರ್ಗಾವಣೆ 2019ರ ಡಿಸೆಂಬರ್ 16ರಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್ 14ರಿಂದ ಹಗಲಿರುಳೂ ನಡೆಯತೊಡಗಿದವು. ಸಾಲದ ಕಂತುಗಳನ್ನು ತಾನಾಗಿ ಎಳೆದುಕೊಳ್ಳುವ 'ನಾಚ್' ವ್ಯವಸ್ಥೆ 2021ರ ಆಗಸ್ಟ್ 1ರಿಂದ ವಾರದ ಏಳೂ ದಿನ ತೆರೆದಿದೆ. ಆ ಆಗಸ್ಟ್ 1 ಭಾನುವಾರವೇ ಆಗಿತ್ತು. ಅದಕ್ಕೆ ಮೊದಲು 5ನೆಯ ತಾರೀಖು ಭಾನುವಾರ ಬಂದರೆ ಕಂತು ಸೋಮವಾರ ಹೋಗುತ್ತಿತ್ತು. ಈಗ ಭಾನುವಾರವೇ ಹೋಗಬಹುದು. ಖಾತೆಯಲ್ಲಿ ಹಣವಿಲ್ಲದಿದ್ದರೆ ದಂಡ. ಲೋಖಂಡೆಯವರು ಮನುಷ್ಯನಿಗೆ ಕೊಡಿಸಿದ ಭಾನುವಾರ ಸಾಲದ ಕಂತಿಗೆ ಇಲ್ಲ!

ಆದ್ದರಿಂದ ತಂತ್ರಾಂಶವನ್ನು ಬಳಸಬಾರದೆಂದು ನಾವು ಹೇಳುವುದಿಲ್ಲ. ಬೆರಳೆಣಿಕೆಗಿಂತ ಅದು ಎಷ್ಟೋ ಮೇಲು. ಆದರೆ ಅದನ್ನು ಕೇಳುವ ಮೊದಲು ನಾಲ್ಕು ವಿಷಯಗಳನ್ನು ನಾವೇ ತಿಳಿದಿರಬೇಕು. ಎಣಿಕೆ ಯಾವ ದಿನದಿಂದ? ಕೊಟ್ಟದ್ದು ದಿನಗಳೋ, ತಿಂಗಳುಗಳೋ, ಕೆಲಸದ ದಿನಗಳೋ? ಯಾವ ಊರಿನ, ಯಾವ ಕಚೇರಿಯ ರಜೆಯ ಪಟ್ಟಿ? ಕೊನೆಯ ದಿನ ಸೂಟಿಯಾದರೆ ಗಡುವು ಹಿಂದಕ್ಕೋ, ಮುಂದಕ್ಕೋ, ಅಥವಾ ಇದ್ದಲ್ಲಿಯೇ ಉಳಿಯುವುದೋ? ಧಾರವಾಡದ ನ್ಯಾಯಾಲಯದಲ್ಲಿ ದಾವೆಯಿರುವ ಕಲ್ಯಾಣದ ಕುಟುಂಬ ಧಾರವಾಡದ ಪಟ್ಟಿಯನ್ನು ನೋಡಬೇಕು. ಕಲ್ಯಾಣದ್ದು ಅಲ್ಲಿ ನಡೆಯದು. ಊರಿನ ವಕೀಲರಿಂದ ವರ್ಷಾರಂಭದಲ್ಲಿಯೇ ಆ ಪಟ್ಟಿಯನ್ನು ತರಿಸಿಕೊಂಡರೆ ಒಳ್ಳೆಯದು. ಹೆಚ್ಚಿನ ಅವಧಿಯ ವಿಷಯ ಬಂದಾಗ ಅವರ ಸಲಹೆಯನ್ನೇ ಕೇಳಬೇಕು. ಊರಿಗೆ ಹೋಗಿ ಸೇರಲು ರೈಲಿನಲ್ಲಿ ಒಂದು ರಾತ್ರಿ ಬೇಕಾಗುವ ನಮ್ಮಂಥವರಿಗೆ ಕೊನೆಯ ದಿನವೆಂಬುದು ಕಾಗದದ ಮೇಲಿನ ಕೊನೆಯ ದಿನಕ್ಕಿಂತ ಯಾವಾಗಲೂ ಎರಡು ದಿನ ಮುಂಚೆಯೇ ಎಂದು ತಿಳಿದು ನಡೆದರೆ ಕ್ಷೇಮ.