ಅಚ್ಚು ಸವೆದಾಗ

ಬಂಡಿಯ ಅಚ್ಚು ಸವೆದರೆ ದುರಸ್ತಿಯೋ ಬದಲಾವಣೆಯೋ ಎಂಬ ಹಳೆಯ ಪ್ರಶ್ನೆಗೆ ಮೋಟಾರು ಯುಗ ಎರಡು ಉತ್ತರಗಳನ್ನು ಕೊಟ್ಟಿದೆ.

ಅಂಬಾಸಿಡರಿನ ಎಂಜಿನ್ನು ಮುಂದೆ. ಅದು ಓಡಿಸುತ್ತಿದ್ದುದು ಹಿಂದಿನ ಗಾಲಿಗಳನ್ನು. ನಡುವಿನ ದಂಡದ ಕ್ರಾಸ್ ಸವೆದರೆ ಅದೊಂದನ್ನೇ ಕಳಚಿ ಹೊಸದನ್ನು ಕೂರಿಸಿದರೆ ಸಾಕಿತ್ತು; ದಂಡ ಉಳಿಯುತ್ತಿತ್ತು. ಯಾವುದನ್ನೂ ರಿಪೇರಿ ಮಾಡಬಹುದೆಂಬ ನಮ್ಮ ನಂಬಿಕೆ ಬೇರೂರಿದ್ದು ಆ ಕಾಲದಲ್ಲಿ ಎಂದು ನನಗೆ ತೋರುತ್ತದೆ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅದರಲ್ಲಿ ಕಾರನ್ನು ಎಳೆಯುವ ಮುಂಗಾಲಿಗಳೇ ದಿಕ್ಕನ್ನೂ ಬದಲಿಸಬೇಕು. ಅದಕ್ಕಾಗಿ ಅಚ್ಚಿನ ತುದಿಯಲ್ಲಿ ಉಕ್ಕಿನ ಗುಂಡುಗಳ ಕೀಲು. ಗ್ರೀಸು ಸೋರದಂತೆ ಅದರ ಮೇಲೊಂದು ರಬ್ಬರಿನ ಬೂಟು.

ಬೂಟು ಹರಿದರೆ ಉಡುಪಿಯ ಮಳೆನೀರು, ಕಾಪುವಿನ ಮರಳು, ಕಾರ್ಕಳದ ಕೆಂಪು ಧೂಳು ಒಳಹೊಗುತ್ತವೆ. ಒಡನೆ ಕಂಡು, ಕೀಲನ್ನು ತೊಳೆದು, ಹೊಸ ಗ್ರೀಸು ತುಂಬಿ, ಹೊಸ ಬೂಟು ತೊಡಿಸಿದರೆ ಅಚ್ಚು ಉಳಿದೀತು. ತಿರುವಿನಲ್ಲಿ ‘ಟಕ ಟಕ’ ಸದ್ದು ಕೇಳಿದ ಮೇಲೆ ಆ ಮಾತಿಲ್ಲ. ಗುಂಡುಗಳು ಹೊರಳುವ ದಾರಿ ಸವೆದಿರುತ್ತದೆ. ಕಾಯಿಸಿ ಗಡುಸುಗೊಳಿಸಿದ ಆ ಮೈಗೆ ಬೆಸುಗೆ ಹಾಕಿದರೆ ಗಡಸುತನವೇ ಕೆಡುತ್ತದೆ. ಕೀಲು ಮುರಿದರೆ ಮಣಿಪಾಲದ ಏರಿನಲ್ಲಿ ಎಂಜಿನ್ನು ಗರ್ಜಿಸೀತು, ಕಾರು ಮುಂದೆ ಹೋಗದು.

2014ರಲ್ಲಿ ಈ ಎರಡೂ ಕಾರುಗಳ ತಯಾರಿಕೆ ನಿಂತಿತು. ಉಳಿದವುಗಳನ್ನು ಓಡಿಸುತ್ತಿರುವವರಿಗೆ ಪ್ರಶ್ನೆ ಇನ್ನೂ ಜೀವಂತ. ಹಳೆಯದನ್ನು ಉಳಿಸಬೇಕೆನ್ನುವವರ ಪಕ್ಷವೇ ನನ್ನದು. ಆದರೆ ಉಳಿಸುವ ಹೊತ್ತು ಬೂಟು ಹರಿದ ಹೊತ್ತು; ಸದ್ದು ಕೇಳಿದ ಮೇಲೂ ಸವೆದ ಕೀಲಿಗೆ ಜೋತುಬೀಳುವುದು ಮಿತವ್ಯಯವಲ್ಲ, ಕಾರಿನಲ್ಲಿ ಕುಳಿತವರನ್ನು ಅಪಾಯಕ್ಕೆ ಒಡ್ಡಿದಂತೆ.