ಧ್ವನಿಪೆಟ್ಟಿಗೆ ತೆಗೆದ ಮೇಲೆ ಮಾತು: ಮಣಿಪಾಲ ಮತ್ತು ಕರಾವಳಿ

ಗಂಟಲಿನ ಕ್ಯಾನ್ಸರ್ ಬಲಿತಾಗ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕಾಗಬಹುದು. ಆಮೇಲೆ ಉಸಿರಾಟವೆಲ್ಲ ಕತ್ತಿನ ಬುಡದ ರಂಧ್ರದಿಂದ. ಶ್ವಾಸಕೋಶದ ಗಾಳಿ ಬಾಯಿಗೆ ಬರುವುದಿಲ್ಲವಾದ್ದರಿಂದ ನಾಲಿಗೆ, ತುಟಿ ನೆಟ್ಟಗಿದ್ದರೂ ಸ್ವರ ಹೊರಡದು.

ಕ್ಯಾನ್ಸರಿಗಾಗಿ ಈ ಶಸ್ತ್ರಚಿಕಿತ್ಸೆಯನ್ನು ಮೊದಲು ಮಾಡಿದವನು ವಿಯೆನ್ನಾದ ಬಿಲ್‌ರೋತ್, 1873ರ ಕೊನೆಯ ದಿನ. ಅವನ ಸಹಾಯಕ ಗುಸೆನ್‌ಬೌವರ್ 1874ರಲ್ಲೇ ಕೃತಕ ಧ್ವನಿಪೆಟ್ಟಿಗೆಯನ್ನು ವಿವರಿಸಿದ. ಮುಂದಿನ ಶತಮಾನದಲ್ಲಿ ಹೆಚ್ಚು ಬಳಕೆಗೆ ಬಂದದ್ದು ಮಾತ್ರ ಉಪಕರಣವೇ ಬೇಡದ ಅನ್ನನಾಳದ ಮಾತು: ಗಾಳಿಯನ್ನು ಅನ್ನನಾಳಕ್ಕೆ ಎಳೆದುಕೊಂಡು ತೇಗಿನಂತೆ ಹೊರಬಿಟ್ಟು ಪದ ಕಟ್ಟುವುದು. ಖರ್ಚಿಲ್ಲ, ಆದರೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಒಮ್ಮೆಗೆ ಸಿಗುವ ಗಾಳಿ ಅತ್ಯಲ್ಪವಾದ್ದರಿಂದ ವಾಕ್ಯ ತುಂಡಾಗುತ್ತದೆ. ಕತ್ತಿಗೊತ್ತಿ ಹಿಡಿಯುವ ವಿದ್ಯುತ್ ಸಾಧನ ಕಲಿಯಲು ಸುಲಭ, ಆದರೆ ಅದರ ಗುಂಯ್‌ಗುಡುವಿಕೆ ನಿಲ್ಲುವುದಿಲ್ಲ. ಹಾಗಾಗಿ ‘ಕರಿ’ ಎಂದದ್ದು ‘ಗರಿ’ ಎಂದು ಕೇಳಬಹುದು. ಕನ್ನಡ, ತುಳುಗಳಲ್ಲಿ ಇದು ಸಣ್ಣ ತೊಡಕಲ್ಲ.

ಅಮೆರಿಕದ ಸಿಂಗರ್ ಮತ್ತು ಬ್ಲಾಮ್ 1979–80ರಲ್ಲಿ ತಂದ ವಿಧಾನ ದಿಕ್ಕು ಬದಲಿಸಿತು. ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವಿನ ಗೋಡೆಯಲ್ಲಿ ರಂಧ್ರ ಮಾಡಿ, ಏಕಮುಖ ಕವಾಟ ಕೂರಿಸುತ್ತಾರೆ. ಕತ್ತಿನ ರಂಧ್ರಕ್ಕೆ ಬೆರಳಿಟ್ಟು ಉಸಿರು ಬಿಟ್ಟರೆ ಗಾಳಿ ಅನ್ನನಾಳದತ್ತ ತಿರುಗಿ, ಅದರ ಮೇಲ್ಭಾಗದ ಗೋಡೆ ಕಂಪಿಸುತ್ತದೆ. ಸ್ವರ ಅಲ್ಲಿಯದು, ಕವಾಟದ್ದಲ್ಲ.

1953ರಲ್ಲಿ ಟಿ.ಎಂ.ಎ. ಪೈ ಕಟ್ಟಿದ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜು ಈ ಚರಿತ್ರೆಗೆ ಸೇರುವುದು ಇಲ್ಲಿಂದ. ಅಲ್ಲಿನ ಕಿವಿ-ಮೂಗು-ಗಂಟಲು ತಜ್ಞ ಪಿ. ಹಜಾರಿಕ, ವಾಕ್ ತಜ್ಞ ಬಿ. ರಾಜಶೇಖರ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಎನ್.ಪಿ. ನಟರಾಜ ಮೊದಲಾದವರು 1990ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಬ್ಬನೇ ವ್ಯಕ್ತಿ ಅನ್ನನಾಳದಿಂದಲೂ ಕವಾಟದ ವಿಧಾನದಿಂದಲೂ ಆಡಿದ ಮಾತುಗಳ ಹೋಲಿಕೆ ಅದು. ಇಬ್ಬರನ್ನು ಹೋಲಿಸಿದರೆ ಅಂಗರಚನೆಯ ವ್ಯತ್ಯಾಸ ನುಸುಳುತ್ತದೆ. ಇಲ್ಲಿ ಗಂಟಲು ಒಂದೇ, ದಾರಿ ಎರಡು. ಸಣ್ಣ ಅಧ್ಯಯನವಾದರೂ ಜಾಣತನದ್ದು.

ಕವಾಟ ಶಾಶ್ವತವಲ್ಲ. ಬೂಷ್ಟು ಹಿಡಿದು ಸೋರತೊಡಗಿದರೆ ಕುಡಿದ ನೀರು ಶ್ವಾಸನಾಳಕ್ಕೆ ಇಳಿಯುತ್ತದೆ. ಕೆಲವು ತಿಂಗಳಿಗೊಮ್ಮೆ ಬದಲಿಸಬೇಕು. ಉಡುಪಿಯವರಿಗೆ ಮಣಿಪಾಲ ಪಕ್ಕದಲ್ಲೇ, ಕಾರ್ಕಳದವರಿಗೆ ಅದು ಒಂದು ಬಸ್ ಪ್ರಯಾಣ. ಕಾಪುವಿನ ಮೀನುಗಾರನಿಗಾದರೋ ಕತ್ತಿನ ರಂಧ್ರಕ್ಕೆ ಸಮುದ್ರದ ನೀರು ನುಗ್ಗುವುದೇ ಪ್ರಾಣಾಪಾಯ. ಆಮದು ಕವಾಟದ ಬೆಲೆ ಸಾವಿರಾರು ರೂಪಾಯಿ. ಬೆಂಗಳೂರಿನ ಶಸ್ತ್ರವೈದ್ಯ ವಿಶಾಲ್ ರಾವ್ ಮತ್ತು ಶಶಾಂಕ್ ಮಹೇಶ್ ರೂಪಿಸಿದ ‘ಓಂ’ ಕವಾಟವನ್ನು ಸುಮಾರು 50 ರೂಪಾಯಿಗೆ ಕೊಡುವ ಪ್ರಯತ್ನ ಹುಟ್ಟಿದ್ದು ಈ ಹೊರೆಯಿಂದಲೇ.